ಸಾಕ್ಷಿಯ ರುಜು



ಬಹಳ ದಿನಗಳಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತಲೇ ಬಂದ ಲೇಖನವಿದು. ಹಳೆಯ ಶಾಲೆಯ ನೆನಪು, ಪ್ರವಾಸದ ಅನುಭವ, ಕನ್ನಡ ವ್ಯಾಕರಣದ ತಮಾಷೆ ಇಂಥವನ್ನು ಬರೆಯುವಾಗ ಯಾರಿಗೂ ನೋವಾಗುವ ಭಯವಿರಲಿಲ್ಲ. ಇದು ಹಾಗಲ್ಲ. ಇದನ್ನು ಓದುವವರಲ್ಲಿ ಕೆಲವರು ನನ್ನೊಡನೆ ಮಾತು ಬಿಟ್ಟವರು. ಈಚೆಗೆ ಹತ್ತಿರದ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಅರಿಶಿನ ಕುಂಕುಮದ ತಟ್ಟೆ ನನ್ನ ಬಳಿ ಬಂದು ಕ್ಷಣಕಾಲ ತಡವರಿಸಿ ಮುಂದಕ್ಕೆ ಹೋಯಿತು. ಊಟದ ಪಂಕ್ತಿಯಲ್ಲಿ ಒಬ್ಬರು ನೇರವಾಗಿಯೇ ಕೇಳಿದರು: "ಅಷ್ಟು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವರು, ಆ ಹುಡುಗಿಗೆ ಬುದ್ಧಿ ಹೇಳೋದು ಬಿಟ್ಟು ಸಾಕ್ಷಿ ಹಾಕಿ ಬಂದ್ರಂತಲ್ಲ?"

ಹೌದು, ಹಾಕಿ ಬಂದೆ. ಏಕೆ ಹಾಕಿದೆನೆಂಬುದನ್ನು ಪಂಕ್ತಿಯಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಬರೆದದ್ದನ್ನು ಮೊದಲು ಆ ಇಬ್ಬರಿಗೂ ದೂರವಾಣಿಯಲ್ಲಿ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳು ಬೇಡವೆಂದರು. ಹಾಗಾಗಿ ಅವಳು ಇಲ್ಲಿ 'ಹುಡುಗಿ', ಅವನು 'ಹುಡುಗ'.

ಹುಡುಗಿ ನನ್ನ ಸ್ವಂತ ತಮ್ಮನ ಮಗಳು, ನನಗೆ ಸೋದರ ಸೊಸೆ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಹುಟ್ಟಿ, ನಮ್ಮ ಮನೆಯಲ್ಲಿದ್ದುಕೊಂಡೇ ಹೈಸ್ಕೂಲು ಮುಗಿಸಿದವಳು. ಬಿ.ಕಾಂ. ನಂತರ ಬೆಂಗಳೂರು ಸೇರಿ, ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಹಿಡಿದಿದ್ದಳು. ಹುಡುಗ ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು ಅದು. ಆದರೆ ಆ ನೀರು ಹರಿಯುವ ಗದ್ದೆಗಳಲ್ಲಿ ಅವನ ತಾಯಿತಂದೆಯರದ್ದು ಒಂದು ಗುಂಟೆಯೂ ಇಲ್ಲ. ಅವರು ನಾಟಿಗೆ, ಕಟಾವಿಗೆ ಕೂಲಿ ಹೋಗುವವರು. ನಮ್ಮ ಹಿರಿಯರು ಊರ ಹೊರಗೆ ಇರಿಸಿದ್ದ ಕೇರಿಯಿಂದ ಬಂದ ಹುಡುಗ, ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಓದಿ ಇಂಜಿನಿಯರ್ ಆದವನು.

ಇವರಿಬ್ಬರ ಪರಿಚಯವಾದ ರೀತಿ ಕೇಳಿದರೆ ನಿಮಗೆ ನಗು ಬಂದೀತು. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಸುರಿದ ಮಳೆ ನಿಮಗೆ ನೆನಪಿರಬಹುದು. ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳೆಲ್ಲ ಕೆರೆಯಾಗಿ, ಸಾಫ್ಟ್‌ವೇರ್ ಕಂಪನಿಗಳ ನೌಕರರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ ದೃಶ್ಯವನ್ನು ಟಿ.ವಿ.ಯಲ್ಲಿ ನಾವೆಲ್ಲ ನೋಡಿದ್ದೆವು. ಕೆರೆಗಳ ಅಂಗಳದಲ್ಲಿ, ರಾಜಕಾಲುವೆಗಳ ಮೇಲೆ ಕಟ್ಟಡ ಕಟ್ಟಿದ್ದರ ಫಲ ಅದು. ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲವೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ಅಂದು ನೆನಪಾಗಿತ್ತು. ಅಂಥದೊಂದು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ನನ್ನ ಸೊಸೆಯೂ ಇದ್ದಳೆಂಬುದು ಮಾತ್ರ ನನಗೆ ಎರಡು ವರ್ಷ ಗೊತ್ತಾಗಲಿಲ್ಲ!

ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಟ್ರೈಲರಿನ ಅಂಚಿನಲ್ಲಿ ನಿಂತಿದ್ದವಳಿಗೆ ಅಪರಿಚಿತನೊಬ್ಬ, "ಅಂಚಿಗೆ ನಿಲ್ಲಬ್ಯಾಡ್ರೀ, ಗುಂಡಿಗೆ ಇಳಿದ್ರ ಜೋಲಿ ಹೊಡೀತದ, ನಡುವ ಬಂದು ಕೂಡ್ರಿ" ಎಂದನಂತೆ. ಭತ್ತದ ನಾಡಿನವನಿಗೆ ಟ್ರ್ಯಾಕ್ಟರಿನ ಗುಣ ಗೊತ್ತಲ್ಲವೆ? ಇಳಿಯುವಾಗ ಚಾಲಕ ತಲೆಗೆ 50 ರೂಪಾಯಿ ಕೇಳಿದ. ಅವಳ ಬಳಿ ನಗದಿರಲಿಲ್ಲ, ಫೋನಿನ ಚಾರ್ಜು ಮುಗಿದಿತ್ತು. ಹುಡುಗ ತನ್ನದರ ಜೊತೆಗೆ ಅವಳದನ್ನೂ ಕೊಟ್ಟ. ಸಾಲ ತೀರಿಸಲು ಅವನ ಫೋನ್ ಸಂಖ್ಯೆ ಬರೆದುಕೊಂಡಳು. ಮರುದಿನ 50 ರೂಪಾಯಿ ಅವನ ಖಾತೆಗೆ ಹೋಯಿತು. ಜೊತೆಗೆ 'ಧನ್ಯವಾದ' ಎಂಬ ಒಂದು ಪದವೂ ಹೋಯಿತು. ನಮ್ಮ ಕಾಲದ ಕಾದಂಬರಿಗಳಲ್ಲಿ ಪುಸ್ತಕ ಬಿದ್ದು, ಅದನ್ನು ಎತ್ತಿಕೊಟ್ಟು ಪ್ರೇಮ ಹುಟ್ಟುತ್ತಿತ್ತು. ಈ ಕಾಲದಲ್ಲಿ ಐವತ್ತು ರೂಪಾಯಿಯ ಸಾಲ ಸಾಕಾಯಿತು.

ಮುಂದೆ 2023ರ ಆರಂಭದಲ್ಲಿ ಹುಡುಗಿ ಬೇರೆ ಕೆಲಸ ಹಿಡಿದು ರಾಜಾಜಿನಗರದ ಲೆಕ್ಕಪರಿಶೋಧಕರ ಕಚೇರಿಗೆ ಬಂದಳು. ಅದೇ ಬಡಾವಣೆಯ ಪಿ.ಜಿ.ಯೊಂದರಲ್ಲಿ ವಾಸ, ಸಮೀಪದ ಮೆಟ್ರೊ ನಿಲ್ದಾಣದ ಹೆಸರು 'ಮಹಾಕವಿ ಕುವೆಂಪು ರಸ್ತೆ'. ಹುಡುಗನ ಕೆಲಸ ವೈಟ್‌ಫೀಲ್ಡಿಗೆ ಬದಲಾಯಿತು. ನಗರದ ಈ ತುದಿಗೊಬ್ಬರು, ಆ ತುದಿಗೊಬ್ಬರು. ನಡುವೆ ಬೆಂಗಳೂರಿನ ವಾಹನದಟ್ಟಣೆ. ನಮ್ಮ ಊರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಬರುವಷ್ಟು ಹೊತ್ತು ಇವರಿಗೆ ಒಬ್ಬರನ್ನೊಬ್ಬರು ನೋಡಲು ಬೇಕಾಗುತ್ತಿತ್ತು.

2023ರ ಮಾರ್ಚ್ ಕೊನೆಗೆ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ಮೆಟ್ರೊ ಬಂತು. ಈ ಕಡೆ ಬೈಯಪ್ಪನಹಳ್ಳಿಯವರೆಗೆ 2011ರಿಂದಲೇ ಇತ್ತು. ನಡುವಿನ ಎರಡು ಕಿಲೋಮೀಟರಿನಷ್ಟು ದಾರಿ ಮಾತ್ರ ಆಗಿರಲಿಲ್ಲ. ಅಷ್ಟಕ್ಕಾಗಿ ಇಳಿದು, ಬಸ್ಸು ಹತ್ತಿ, ಮತ್ತೆ ಮೆಟ್ರೊ ಹತ್ತಬೇಕಿತ್ತು. ಅವರು ಭೇಟಿಯಾಗುತ್ತಿದ್ದುದು ಬಹುತೇಕ ಭಾನುವಾರ, ವಾಹನಗಳಿಗೆ ಪ್ರವೇಶವಿಲ್ಲದ ದಿನದ ಕಬ್ಬನ್ ಪಾರ್ಕಿನಲ್ಲಿ. ತಿಂಡಿ, ಕಾಫಿ, ಟಿಕೆಟ್ಟು ಎಲ್ಲದರ ಲೆಕ್ಕವನ್ನೂ ಸಮನಾಗಿ ಹಂಚಿಕೊಂಡು ಅಲ್ಲಿಯೇ ಫೋನಿನಲ್ಲಿ ಕಳುಹಿಸಿಕೊಳ್ಳುತ್ತಿದ್ದರಂತೆ. ಇದನ್ನು ಕೇಳಿದಾಗ "ಇದೆಂಥ ಪ್ರೀತಿಯಮ್ಮ, ಅಂಗಡಿ ಲೆಕ್ಕ ಇದ್ದ ಹಾಗಿದೆ" ಎಂದೆ. ಹುಡುಗಿ ಹೇಳಿದಳು: "ಅತ್ತೆ, ಅವನು ಮನೆಗೆ ದುಡ್ಡು ಕಳಿಸಬೇಕು, ನಾನೂ ಕಳಿಸಬೇಕು. ಒಬ್ಬರು ಇನ್ನೊಬ್ಬರ ಮೇಲೆ ಭಾರ ಹಾಕಬಾರದು ಅಂತ." ಯೋಚಿಸಿದೆ. ನನ್ನ ಮೊದಲ ಸಂಬಳದ ದಿನದಿಂದ ಹಲವು ವರ್ಷ, ಹಣ ಎಲ್ಲಿ ಹೋಯಿತೆಂದು ಕೇಳುವ ಹಕ್ಕೂ ನನಗಿರಲಿಲ್ಲ. ಲೆಕ್ಕ ಸರಿಯಾಗಿರುವ ಪ್ರೀತಿ ಕೀಳೇನಲ್ಲವೆನ್ನಿಸಿತು.

ಎಲ್ಲವೂ ಸುಗಮವಾಗಿ ನಡೆಯಿತೆಂದುಕೊಳ್ಳಬೇಡಿ. ಆ ವರ್ಷದ ಜುಲೈ ತಿಂಗಳಲ್ಲಿ ಒಂದು ಸಂಜೆ ಅವಳ ಫೋನಿಗೆ ಅವನು ಕರೆ ಮಾಡಿದ. ಫೋನು ಮೇಜಿನ ಮೇಲಿತ್ತು. ಅವನು ಎದುರಿಗೇ ಬಂದು ನಿಂತಿದ್ದ. ಪರದೆಯ ಮೇಲೆ ಮೂಡಿದ ಹೆಸರು ಅವನದಾಗಿರಲಿಲ್ಲ. ಕಚೇರಿಯ ಗೆಳತಿಯೊಬ್ಬಳ ಹೆಸರಿನಲ್ಲಿ ಅವನ ಸಂಖ್ಯೆಯನ್ನು ಅವಳು ಉಳಿಸಿಕೊಂಡಿದ್ದಳು. ಊರಿಗೆ ಹೋದಾಗ ಅಪ್ಪ ನೋಡಿಬಿಟ್ಟಾರೆಂಬ ಭಯಕ್ಕೆ ಮಾಡಿದ ಉಪಾಯ. ಅವನು ಕೂಗಾಡಲಿಲ್ಲ. "ನಮ್ಮ ಅಪ್ಪ ಅವ್ವ ಊರ ಹೊರಗ ಇದ್ದಾರ. ನಾನು ನಿನ್ನ ಫೋನಿನಾಗೂ ಹೊರಗ ಇದ್ದೀನಿ" ಎಂದಷ್ಟೇ ಹೇಳಿ ಹೊರಟುಹೋದ. ಮೂರು ತಿಂಗಳು ಮಾತಿಲ್ಲ.

ಆ ಮಾತು ಅವಳನ್ನು ಹೇಗೆ ಸುಟ್ಟಿರಬೇಕೆಂದು ನಾನು ಊಹಿಸಬಲ್ಲೆ, ಏಕೆಂದರೆ ಕೇಳಿದಾಗ ನನ್ನನ್ನೂ ಸುಟ್ಟಿತು. 2023ರ ಅಕ್ಟೋಬರ್ 9ರಂದು ಆ ಎರಡು ಕಿಲೋಮೀಟರಿನ ಮಾರ್ಗ ತೆರೆಯಿತು. ಅದೇ ದಿನ ಸಂಜೆ ಕಚೇರಿ ಮುಗಿಸಿ, ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸಿ, ಎಲ್ಲೂ ಇಳಿಯದೆ ವೈಟ್‌ಫೀಲ್ಡ್ ತಲುಪಿದಳು. ನಿಲ್ದಾಣದ ಹೊರಗೆ ನಿಂತು ಅವನಿಗೆ ಕರೆ ಮಾಡಿದಳು. ಅವನು ಬಂದಾಗ ಫೋನಿನಲ್ಲಿ ಅವನ ಹೆಸರನ್ನು, ತಂದೆಯ ಹೆಸರು ಊರಿನ ಹೆಸರು ಸಹಿತ, ಬರೆದಿದ್ದುದನ್ನು ತೋರಿಸಿದಳು. "ಅಷ್ಟು ಉದ್ದ ಬ್ಯಾಡ" ಎಂದು ಅವನೇ ತಿದ್ದಿದನಂತೆ.

ನನಗೆ ವಿಷಯ ತಿಳಿದದ್ದು 2024ರ ನವೆಂಬರಿನಲ್ಲಿ. ಊರಿಗೆ ಬಂದವಳು ಅಡುಗೆಮನೆಯಲ್ಲಿ ನನ್ನ ಪಕ್ಕ ಕುಳಿತು ಅವರೆಕಾಯಿ ಬಿಡಿಸುತ್ತ, "ಅತ್ತೆ, ನಿಮಗೊಂದು ಮಾತು ಹೇಳಬೇಕು. ಅಪ್ಪನಿಗಿಂತ ಮೊದಲು ನಿಮಗೆ" ಎಂದು ಎಲ್ಲವನ್ನೂ ಹೇಳಿದಳು. ಆಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆಯನ್ನು ಮುಚ್ಚಿಡದೆ ಬರೆಯುತ್ತೇನೆ. "ಯಾವ ಜನ?" ಎಂದು ಕೇಳಿದೆ.

ಮೂವತ್ತೈದು ವರ್ಷ ಸಮಾಜ ವಿಜ್ಞಾನ ಕಲಿಸಿದವಳು ನಾನು! ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದ್ದನ್ನು, ಅದಕ್ಕಾಗಿ ಬಿಜ್ಜಳನು ಆ ಹಿರಿಯರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟನೆಂದು ಶರಣ ಪರಂಪರೆ ಹೇಳುವುದನ್ನು ಪ್ರತಿವರ್ಷವೂ ಪಾಠ ಮಾಡಿದವಳು. ಪಾಠ ಮುಗಿದಾಗ ಗಂಟಲು ಕಟ್ಟಿ, ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೋಡಿಯೂ ಇದ್ದೀರಿ. ಕಲ್ಯಾಣ ದೂರದಲ್ಲಿದ್ದಾಗ ಕಣ್ಣೀರು ಸುಲಭ. ಅದು ಅಡುಗೆಮನೆಗೆ ಬಂದು ಅವರೆಕಾಯಿ ಬಿಡಿಸುತ್ತ ಕುಳಿತಾಗ ನನ್ನ ನಾಲಗೆ ಮೊದಲು ಜಾತಿಯನ್ನೇ ಹುಡುಕಿತು.

ಹುಡುಗಿ ತಲೆ ಎತ್ತದೆ ಉತ್ತರ ಹೇಳಿದಳು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ನಿದ್ದೆ ಕೆಡಿಸಿದ್ದು ಅವಳ ಉತ್ತರವಲ್ಲ, 1986ರ ಒಂದು ನೋಟುಪುಸ್ತಕ.

ಈ ಸಂಗತಿಯನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. 1983ರಲ್ಲಿ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ನಾನು ಆಗಿನ್ನೂ ಹೊಸ ಉತ್ಸಾಹದ ಶಿಕ್ಷಕಿ. 1986ರ ಡಿಸೆಂಬರಿನಲ್ಲಿ ಹತ್ತನೆಯ ತರಗತಿಯ ನೋಟುಪುಸ್ತಕಗಳನ್ನು ತಿದ್ದುತ್ತಿದ್ದಾಗ ಒಬ್ಬ ಹುಡುಗಿಯ ಪುಸ್ತಕದಿಂದ ಮಡಿಸಿದ ಚೀಟಿಯೊಂದು ಜಾರಿಬಿತ್ತು. ಅದೇ ತರಗತಿಯ ಹುಡುಗನೊಬ್ಬ ಬರೆದದ್ದು. ನಾಲ್ಕೇ ಸಾಲು. ಪರೀಕ್ಷೆ ಮುಗಿದ ಮೇಲೆ ಜಾತ್ರೆಗೆ ಬರುವೆಯಾ, ಬಂದರೆ ಬಳೆ ಕೊಡಿಸುತ್ತೇನೆ ಎಂದಿತ್ತು. ಅಷ್ಟೇ. ನಾನು ಆ ಹುಡುಗಿಯನ್ನು ಕರೆದು ಒಂದು ಮಾತು ಕೇಳಲಿಲ್ಲ. ಸಂಜೆ ಶಾಲೆ ಬಿಟ್ಟೊಡನೆ ಚೀಟಿಯನ್ನು ಕೈಚೀಲದಲ್ಲಿಟ್ಟುಕೊಂಡು ನೇರ ಅವಳ ಮನೆಗೆ ಹೋಗಿ ಅವಳ ತಂದೆಯ ಕೈಗೆ ಕೊಟ್ಟೆ. ಶಾಲೆಯ ಮರ್ಯಾದೆ ಉಳಿಸಿದೆನೆಂಬ ಹೆಮ್ಮೆಯಿಂದ, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಫೆಬ್ರವರಿಯಲ್ಲಿ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದರು. ಅವಳಿಗೆ ಆಗ ಹದಿನಾರು. ಹೆಣ್ಣಿನ ಮದುವೆಯ ವಯಸ್ಸನ್ನು 1978ರ ತಿದ್ದುಪಡಿ ಹದಿನೆಂಟಕ್ಕೆ ಏರಿಸಿತೆಂದು ಅದೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದಿದ್ದವಳು ನಾನೇ. ಮದುವೆಯ ಸುದ್ದಿ ಕೇಳಿಯೂ ಸುಮ್ಮನಿದ್ದವಳೂ ನಾನೇ. ಅವಳ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಪ್ರವೇಶಪತ್ರ, ರುಜುವಿನ ಜಾಗ ಖಾಲಿಯಾಗಿಯೇ, ಶಾಲೆಯ ಬೀರುವಿನಲ್ಲಿ ಉಳಿಯಿತು. ಹುಡುಗನಿಗೆ ಎರಡು ಪೆಟ್ಟು ಬಿದ್ದವು. ಅವನು ಪರೀಕ್ಷೆ ಬರೆದು ಮುಂದೆ ಹೋದ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ, 2009ರಲ್ಲಿ, ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು "ಟೀಚರ್, ಚೆನ್ನಾಗಿದ್ದೀರಾ?" ಎಂದು ಹತ್ತಿರ ಬಂದಳು. ಕಂಕುಳಲ್ಲಿ ಮೊಮ್ಮಗು. ಗುರುತು ಸಿಕ್ಕೊಡನೆ ನನ್ನ ಕಾಲು ನಡುಗಿತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದೂ ಇದೂ ಮಾತಾಡಿದ ಮೇಲೆ, ಬಸ್ಸು ಬಂದಾಗ, ಬಹಳ ದಿನದಿಂದ ಕೇಳಬೇಕೆಂದಿದ್ದ ಸಂಗತಿಯಂತೆ ಕೇಳಿದಳು: "ಆ ವರ್ಷ ಸಮಾಜದ ಪೇಪರ್ ಸುಲಭ ಇತ್ತಾ ಟೀಚರ್?"

ನಾನು "ಸುಲಭವಿತ್ತಮ್ಮ" ಎಂದೆ. ಅವಳು ತಲೆಯಾಡಿಸಿ ಬಸ್ಸು ಹತ್ತಿದಳು.

ಅವರೆಕಾಯಿಯ ಆ ರಾತ್ರಿ ನನಗೆ ನೆನಪಾದದ್ದು ಆ ಪ್ರಶ್ನೆ. ಮತ್ತೊಂದು ಚೀಟಿ ನನ್ನ ಕೈಗೆ ಬಂದಿದೆ, ಈ ಬಾರಿ ಅದನ್ನು ಕೊಟ್ಟವಳೇ ಹುಡುಗಿ, ಮತ್ತು ಎದುರಿಗಿರುವ ತಂದೆ ನನ್ನ ಬೆನ್ನ ಹಿಂದೆ ಹುಟ್ಟಿದವನು. ಬೆಳಿಗ್ಗೆ ಎದ್ದು, "ಆ ಹುಡುಗನನ್ನು ನಾನೊಮ್ಮೆ ನೋಡಬೇಕು" ಎಂದೆ.

ಮುಂದಿನ ಭಾನುವಾರ ಬೆಂಗಳೂರಿಗೆ ಹೋದೆ. ವಿಧಾನಸೌಧದ ಬಳಿಯ ಮೆಟ್ರೊ ನಿಲ್ದಾಣದಲ್ಲಿ ಅವರಿಬ್ಬರೂ ಕಾಯುತ್ತಿದ್ದರು. ಆ ನಿಲ್ದಾಣಕ್ಕೆ ಡಾ. ಅಂಬೇಡ್ಕರ್ ಅವರ ಹೆಸರಿದೆ. ಮಾತಿನ ನಡುವೆ ನಾನು, "ನಿಮ್ಮಿಬ್ಬರ ಜೀವನಕ್ರಮ ಬೇರೆ ಬೇರೆ, ಹೊಂದುತ್ತದೆಯೇನಪ್ಪ?" ಎಂದು ಕೇಳಿದಾಗ ಅವನು, "ಬಾಬಾಸಾಹೇಬರು 1948ರಾಗ ಸವಿತಾ ಅವರನ್ನ ಲಗ್ನ ಆದಾಗೂ ಮಂದಿ ಇದನ್ನ ಕೇಳಿರಬೇಕ್ರೀ ಮೇಡಂ" ಎಂದ. ಸವಿತಾ ಅವರು ವೈದ್ಯೆ, ಹುಟ್ಟಿನಿಂದ ಬ್ರಾಹ್ಮಣರು. ಆ ಮದುವೆ ದೆಹಲಿಯಲ್ಲಿ ನೋಂದಣಿಯ ಮೂಲಕ ನಡೆದದ್ದು. ಇತಿಹಾಸದ ಶಿಕ್ಷಕಿಗೆ ಇತಿಹಾಸದಲ್ಲೇ ಉತ್ತರ ಕೊಟ್ಟ ಹುಡುಗನ ಬಗ್ಗೆ ನನಗೆ ಅಂದೇ ಗೌರವ ಹುಟ್ಟಿತು. ಆಹಾರದ ಮಾತೂ ಬಂತು. ಹುಡುಗಿಯೇ ಹೇಳಿದಳು: "ಅವನ ತಟ್ಟೆ ಅವನದು, ನನ್ನ ತಟ್ಟೆ ನನ್ನದು, ಒಲೆ ಮಾತ್ರ ಒಂದು."

ನಾನು ಸಲಹೆ ಕೊಟ್ಟೆ: "ಇಬ್ಬರೂ ಹಿಂದೂಗಳೇ. ಯಾವುದಾದರೂ ದೇವಸ್ಥಾನದಲ್ಲಿ ಮದುವೆಯಾಗಿ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿ. ಬೇಗ ಮುಗಿಯುತ್ತದೆ." ಹುಡುಗಿ ಒಪ್ಪಲಿಲ್ಲ. ಅವಳಿಗೆ 1954ರ ವಿಶೇಷ ವಿವಾಹ ಕಾಯ್ದೆಯೇ ಬೇಕಿತ್ತು.

ಈ ಕಾಯ್ದೆಯ ವಿಚಾರ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು. 1872ರ ಹಳೆಯ ಕಾಯ್ದೆಯಲ್ಲಿ ಹೀಗೆ ಮದುವೆಯಾಗುವವರು ತಾವು ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಾಗಿತ್ತು. 1954ರ ಕಾಯ್ದೆಯಲ್ಲಿ ಆ ಒತ್ತಾಯವಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ನಮ್ಮ ರಾಜ್ಯದಲ್ಲಿ ಉಪನೋಂದಣಾಧಿಕಾರಿಗಳೇ ಆ ಅಧಿಕಾರಿ. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಖಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಯ ಅಧಿಕಾರಿಗೂ ಒಂದು ಪ್ರತಿ ಹೋಗಿ ಅಲ್ಲಿಯೂ ಅಂಟಿಸಲಾಗುತ್ತದೆ. ಮೂವತ್ತು ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಕಾರಣಗಳು ಕಾಯ್ದೆಯಲ್ಲಿ ಹೇಳಿದವೇ ಆಗಿರಬೇಕು: ಮೊದಲ ಸಂಗಾತಿ ಜೀವಂತವಿರುವುದು, ವಯಸ್ಸು ತುಂಬದಿರುವುದು, ನಿಷಿದ್ಧ ಸಂಬಂಧ, ಮಾನಸಿಕ ಅಸಾಮರ್ಥ್ಯ, ಇಂಥವು. ಜಾತಿ ಆ ಪಟ್ಟಿಯಲ್ಲಿಲ್ಲ.

ಈ ಮೂವತ್ತು ದಿನಗಳ ಪ್ರಕಟಣೆಯೇ ಪ್ರೇಮಿಗಳಿಗೆ ಕಂಟಕವೆಂಬ ದೂರು ಹಳೆಯದು. ಮನೆಯವರು ಬಂದು ಹುಡುಗಿಯನ್ನು ಎಳೆದೊಯ್ಯಲು ಅದು ಅವಕಾಶ ಕೊಡುತ್ತದೆ. 2021ರ ಜನವರಿಯಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು, ಜೋಡಿ ಬಯಸದಿದ್ದರೆ ನೋಟಿಸನ್ನು ಪ್ರಕಟಿಸಬೇಕಾಗಿಲ್ಲವೆಂದೂ ಹೇಳಿತು. ಇದನ್ನೆಲ್ಲ ನಾನು ಹೇಳಿದಾಗ ಹುಡುಗಿ ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ಗೊತ್ತು ಅತ್ತೆ. ಆದರೆ ಒಂದು ಸಲ ನಾನು ಅವನ ಹೆಸರನ್ನ ಬಚ್ಚಿಟ್ಟಿದ್ದೆ. ಇನ್ನು ಬಚ್ಚಿಡೋದಿಲ್ಲ. ಮೂವತ್ತು ದಿನ ಗೋಡೆ ಮೇಲೆ ಇಬ್ಬರ ಹೆಸರೂ ಇರಲಿ. ನಮ್ಮೂರಲ್ಲೂ ಇರಲಿ, ಅವನೂರಲ್ಲೂ ಇರಲಿ. ಓಡಿಹೋದಳು ಅಂತ ನಾಳೆ ಯಾರೂ ಅನ್ನಬಾರದು. ಅಪ್ಪನಿಗೂ ಯೋಚನೆ ಮಾಡೋಕೆ ಮೂವತ್ತು ದಿನ ಸಿಗುತ್ತೆ."

ಸಂಕ್ರಾಂತಿಗೆ ಬಂದಾಗ ಅವಳು ಅಪ್ಪನ ಎದುರು ಕುಳಿತು ಹೇಳಿದಳು. ನಾನು ಪಕ್ಕದಲ್ಲಿದ್ದೆ. ನನ್ನ ತಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ತೋಟಕ್ಕೆ ಹೋದವನು ಕತ್ತಲಾದ ಮೇಲೆ ಬಂದು ನನಗೆ ಮಾತ್ರ ಹೇಳಿದ: "ನಿನ್ನ ಮನೇಲಿ ಬಿಟ್ಟು ಓದಿಸಿದ್ದಕ್ಕೆ ಒಳ್ಳೇದು ಮಾಡಿದೆ ಅಕ್ಕ." ಅಂದಿನಿಂದ ಇಂದಿನವರೆಗೆ ಅವನು ನನ್ನೊಡನೆ ಮಾತಾಡಿಲ್ಲ.

2025ರ ಫೆಬ್ರವರಿ ಎರಡನೆಯ ವಾರ ನೋಟಿಸು ಕೊಟ್ಟರು. ಮೆಟ್ರೊ ದರ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90 ಆದ ವಾರ ಅದು. "ಇನ್ನು ಒಂದೇ ಮನೆಯಲ್ಲಿರೋದೇ ಅಗ್ಗ" ಎಂದು ಹುಡುಗ ನಗೆಯಾಡಿದ. ನನಗೆ ನಗು ಬರಲಿಲ್ಲ. ಮೂವತ್ತು ದಿನ ನಾನು ಫೋನು ಹೊಡೆದುಕೊಂಡಾಗಲೆಲ್ಲ ಬೆಚ್ಚುತ್ತಿದ್ದೆ. ಅಂತರ್ಜಾತಿ ವಿವಾಹವಾದವರ ಕೊಲೆಯ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವಲ್ಲ. ವಯಸ್ಕರ ಮದುವೆಗೆ ಅಡ್ಡಿಪಡಿಸಲು ಮನೆಯವರಿಗಾಗಲಿ ಜಾತಿಯ ಪಂಚಾಯಿತಿಗಾಗಲಿ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಜಾತಿ ಮೀರಿ ಮದುವೆಯಾದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ನನ್ನ ತಮ್ಮ ಅಂಥವನಲ್ಲವೆಂದು ಗೊತ್ತಿದ್ದರೂ ಅವನ ಸುತ್ತ ಇರುವವರ ಬಾಯಿ ಎಂಥದೆಂದೂ ಗೊತ್ತಿತ್ತು.

ಇಪ್ಪತ್ತನೆಯ ದಿನವಿರಬೇಕು. ನಮ್ಮ ಊರಿನ ಆ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೇ ಬಂದ. "ಮೇಡಂ, ನಿಮ್ಮ ತಮ್ಮನವರು ಬಂದಿದ್ರು" ಎಂದಾಗ ನನ್ನ ಬಾಯಿ ಒಣಗಿತು. ಆಕ್ಷೇಪಣೆ ಕೊಟ್ಟನೇ ಎಂದು ಕೇಳಿದೆ. ಅವನು ಹೇಳಿದ್ದು ಇಷ್ಟು: ನನ್ನ ತಮ್ಮ ಬಂದು, ಸೂಚನಾಫಲಕದ ಮುಂದೆ ಬಹಳ ಹೊತ್ತು ನಿಂತಿದ್ದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಓದಿದ. ಆಮೇಲೆ ಮೇಜಿನ ಬಳಿ ಬಂದು, "ಇದರಲ್ಲಿ ನನ್ನ ಹೆಸರಿಗೆ ಒಂದಕ್ಷರ ತಪ್ಪು ಬಿದ್ದಿದೆ. ಬೆಂಗಳೂರಿಗೆ ತಿಳಿಸಿ ತಿದ್ದಿಸಿ. ಮುಂದೆ ದಾಖಲೆಯಲ್ಲಿ ಮಗುವಿಗೆ ತೊಂದರೆ ಆಗಬಾರದು" ಎಂದು ಹೇಳಿ ಹೊರಟುಹೋದ.

ಅಂದು ನಾನು ಅತ್ತಷ್ಟು ಕಲ್ಯಾಣದ ಪಾಠಕ್ಕೂ ಅತ್ತಿಲ್ಲ.

ಮದುವೆ 2025ರ ಮಾರ್ಚ್ ತಿಂಗಳ ಒಂದು ಗುರುವಾರ, ಯುಗಾದಿಗೆ ಹತ್ತು ದಿನ ಮೊದಲು. ನಮ್ಮ ಯಜಮಾನರು ಹೊರಡುವಾಗ, "ಧೈರ್ಯವಾಗಿ ಹಾಕು, ಪಿಂಚಣಿಗೇನೂ ಕಡಿತವಿಲ್ಲ" ಎಂದು ತಮಾಷೆ ಮಾಡಿ ಕಳುಹಿಸಿದರು. ಮೂವರು ಸಾಕ್ಷಿಗಳು ಬೇಕು. ನಾನು, ಹುಡುಗನ ಗೆಳೆಯನೊಬ್ಬ, ಹುಡುಗಿಯ ಪಿ.ಜಿ.ಯ ಗೆಳತಿಯೊಬ್ಬಳು ಎಂದು ನಿಶ್ಚಯವಾಗಿತ್ತು. ಹುಡುಗನ ತಾಯಿತಂದೆ ಸಿಂಧನೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದಿದ್ದರು. ಆ ತಾಯಿ ಬಟ್ಟೆಯ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿದ್ದರು. ನಾನು ಪಕ್ಕದ ಕುರ್ಚಿ ತೋರಿಸಿದರೆ, "ಇರಲಿ ಬಿಡ್ರೀ ಅಕ್ಕಾರ" ಎಂದು ಗೋಡೆಯ ಬದಿಗೆ ನೆಲದ ಮೇಲೆ ಕುಳಿತರು. ಎಷ್ಟು ಕರೆದರೂ ಏಳಲಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಅರುವತ್ತೇಳರ ಮಂಡಿ ಸುಲಭವಾಗಿ ಮಡಿಸಲಿಲ್ಲ. ಆಕೆ ಗಾಬರಿಯಾಗಿ ಎದ್ದು ನನ್ನ ಕೈಹಿಡಿದು ಎಬ್ಬಿಸಿ, ಕೊನೆಗೆ ಇಬ್ಬರೂ ಕುರ್ಚಿಯ ಮೇಲೆ ಕುಳಿತೆವು. "ನೀವು ಸಾಲಿ ಟೀಚರ್ ಅಂತಲ್ರೀ? ಹುಡುಗರಿಗೆ ಬಾಳ ಹೊಡೀತಿದ್ರೇನ್ರೀ?" ಎಂದು ಕೇಳಿದರು. "ಹೊಡೆಯುವುದಕ್ಕಿಂತ ಕೆಟ್ಟದ್ದನ್ನೂ ಮಾಡಿದ್ದೇನಮ್ಮ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಕ್ಕರು.

ಹೆಸರು ಕರೆಯುವ ಹೊತ್ತಿಗೆ ಬಾಗಿಲಲ್ಲಿ ನನ್ನ ತಮ್ಮನ ಹೆಂಡತಿ ಕಾಣಿಸಿಕೊಂಡಳು. ಒಬ್ಬಳೇ. ತಮ್ಮ ಬೆಳಗಿನ ರೈಲಿಗೆ ಹತ್ತಿಸಿ ತಾನು ಊರಿನಲ್ಲೇ ಉಳಿದಿದ್ದನಂತೆ. ಅವಳು ಮಗಳನ್ನು ಅಪ್ಪಿಕೊಂಡು ಅಳಲಿಲ್ಲ. "ಸಾಕ್ಷಿಗೆ ಇನ್ನೊಬ್ಬರು ಬೇಕಾ?" ಎಂದು ಕೇಳಿದಳು. ಪಿ.ಜಿ.ಯ ಆ ಗೆಳತಿ ತಾನಾಗಿಯೇ ಹಿಂದೆ ಸರಿದು ಪೆನ್ನು ಅವಳ ಕೈಗೆ ಕೊಟ್ಟಳು.

ಮಂತ್ರವಿಲ್ಲ, ಓಲಗವಿಲ್ಲ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು 'ಮಂತ್ರ ಮಾಂಗಲ್ಯ'ದ ಸರಳ ಕ್ರಮದಲ್ಲಿ ನಡೆಸಿದ್ದನ್ನು ನಾನು ಪಾಠ ಮಾಡಿದ್ದೆ. ಇಲ್ಲಿ ಅದಕ್ಕಿಂತಲೂ ಸರಳ. ಇಬ್ಬರೂ ತಮಗರ್ಥವಾಗುವ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಕಾನೂನುಬದ್ಧ ಪತಿಪತ್ನಿಯಾಗಿ ಸ್ವೀಕರಿಸಿದ್ದೇವೆಂದು ಅಧಿಕಾರಿಯ ಮುಂದೆ, ಸಾಕ್ಷಿಗಳ ಮುಂದೆ ಹೇಳಬೇಕು. ಕನ್ನಡದಲ್ಲೇ ಹೇಳಿದರು. ಅವಳದು ನಮ್ಮ ಕಡೆಯ ಕನ್ನಡ, ಅವನದು ಅವರ ಕಡೆಯ ಕನ್ನಡ.

ನನ್ನ ಸರದಿ ಬಂದಾಗ ಪುಸ್ತಕದ ಮೇಲೆ ಬಾಗಿದೆ. ರುಜು ಹಾಕುವ ಖಾಲಿ ಜಾಗವನ್ನು ನೋಡಿದಾಗ, ಬೀರುವಿನಲ್ಲಿ ಉಳಿದುಹೋದ ಆ ಪ್ರವೇಶಪತ್ರ ಕಣ್ಣೆದುರು ಬಂತು. ಈ ರುಜುವಿನಿಂದ ಆ ತಪ್ಪು ತೀರುವುದಿಲ್ಲ. ಆ ಹೆಂಗಸಿನ ಮೂವತ್ತೆಂಟು ವರ್ಷಗಳನ್ನು ನಾನು ಯಾವ ಪುಸ್ತಕದಲ್ಲಿ ಬರೆದೂ ಹಿಂದಿರುಗಿಸಲಾರೆ. ಅದನ್ನು ತಿಳಿದೇ ರುಜು ಹಾಕಿದೆ.

ಈಗ ಬಂಧುಗಳಿಗೆ ನನ್ನ ಉತ್ತರ ಇದು. ಹುಡುಗಿಗೆ ಬುದ್ಧಿ ಹೇಳಲಿಲ್ಲವೇಕೆ ಎಂದು ಕೇಳುವವರೇ, ಬುದ್ಧಿ ಕಲಿತವಳು ನಾನು. ಎಲ್ಲ ಪ್ರೇಮವೂ ಒಳ್ಳೆಯದೆಂದಾಗಲಿ, ಹಿರಿಯರನ್ನು ಕೇಳಲೇಬಾರದೆಂದಾಗಲಿ ನಾನು ಹೇಳುತ್ತಿಲ್ಲ. ಇವರು ಎರಡೂವರೆ ವರ್ಷ ಒಬ್ಬರನ್ನೊಬ್ಬರು ಅರಿತರು, ಜಗಳವಾಡಿದರು, ತಪ್ಪೊಪ್ಪಿಕೊಂಡರು, ಲೆಕ್ಕವನ್ನು ಸರಿಯಾಗಿಟ್ಟರು, ಏನನ್ನೂ ಬಚ್ಚಿಡದೆ ಮದುವೆಯಾದರು. ಇದಕ್ಕಿಂತ ಹೆಚ್ಚಿನದನ್ನು ನಾವು ಯಾವ ಜಾತಕದಲ್ಲಿ ನೋಡುತ್ತೇವೆ?

ಹಳೆಯ ವಿದ್ಯಾರ್ಥಿಗಳೇ, ನಿಮ್ಮ ನೋಟುಪುಸ್ತಕಗಳಿಂದ ನಾನು ಹಿಡಿದ ಚೀಟಿಗಳು ಬೇರೆಯೂ ಇದ್ದವು. ಹಾಗೆ ಸಿಕ್ಕಿಬಿದ್ದವರು ಇದನ್ನು ಓದುತ್ತಿದ್ದರೆ, ಈ ನಿವೃತ್ತ ಶಿಕ್ಷಕಿಯನ್ನು ಕ್ಷಮಿಸಿ. ನಿಮ್ಮಲ್ಲಿ ಅನೇಕರೀಗ ಹದಿಹರೆಯದ ಮಕ್ಕಳ ತಾಯಿತಂದೆಯರು. ನಿಮ್ಮ ಕೈಗೂ ಒಂದು ದಿನ ಚೀಟಿ ಬಂದೀತು, ಈಗಿನ ಕಾಲದಲ್ಲಿ ಅದು ಫೋನಿನ ಪರದೆಯ ಮೇಲೆ ಬಂದೀತು. ಬೇರೆ ಯಾರಿಗೂ ತೋರಿಸುವ ಮೊದಲು ಮಗುವನ್ನೇ ಕರೆದು ಒಂದು ಮಾತು ಕೇಳಿ.

ಕೊನೆಗೊಂದು ಮಾತು ನನ್ನ ತಮ್ಮನಿಗೆ. ಅವನು ಇದನ್ನು ಓದುತ್ತಾನೋ ಇಲ್ಲವೋ ತಿಳಿಯದು. ಓದಿದರೆ, ತಮ್ಮಾ, ನಿನ್ನ ಹೆಸರಿನ ಅಕ್ಷರ ಈಗ ಸರಿಯಾಗಿದೆ. ರುಜು ಹಾಕುವ ಮೊದಲು ಕನ್ನಡಕ ಹಾಕಿಕೊಂಡು ನಾನೇ ಎರಡು ಸಲ ನೋಡಿದ್ದೇನೆ.